ಬಾಗಿಲಿಗೆ ಹೆಸರು ಅಂಟಿಸಿ, ಮಿಕ್ಕದ್ದು ಆಮೇಲೆ

ಸ್ವೀಡನ್ನಿಗೆ ಹೊರಟವರು ಫೋನು ಮಾಡಿದರೆ ಮೊದಲು ಕೇಳುವುದು ಚಳಿಯ ವಿಷಯ. ಎಷ್ಟು ಸ್ವೆಟರ್ ಬೇಕು, ಬೂಟುಗಳನ್ನು ಇಲ್ಲಿಂದಲೇ ಒಯ್ಯಬೇಕೋ ಅಲ್ಲಿ ಕೊಳ್ಳಬೇಕೋ, ಮಕ್ಕಳು ತಡೆದುಕೊಳ್ಳುತ್ತಾರೋ ಇಲ್ಲವೋ. ಚಳಿಗೆ ಅಂಗಡಿಯಲ್ಲಿ ಪರಿಹಾರವಿದೆ, ದುಡ್ಡು ಕೊಟ್ಟರೆ ಸಿಗುತ್ತದೆ. ದುಡ್ಡಿಗೂ ಬಗ್ಗದಿರುವುದು ಇಲ್ಲಿನ ಸರದಿ. ಈ ದೇಶದಲ್ಲಿ ಒಂದು ಕೆಲಸವಾಗಬೇಕಾದರೆ ಅದರ ಹಿಂದಿನದು ಆಗಿರಬೇಕು. ಯಾವುದರ ನಂತರ ಯಾವುದು ಎಂಬುದು ಗೊತ್ತಿದ್ದರೆ ಮೊದಲ ಕೆಲವು ತಿಂಗಳು ಸಲೀಸು. ಗೊತ್ತಿಲ್ಲದಿದ್ದರೆ ಒಳ್ಳೆಯ ಸಂಬಳದ ಕೆಲಸ ಇಟ್ಟುಕೊಂಡೂ ಒಂದು ಪಾರ್ಸೆಲ್ ಬಿಡಿಸಿಕೊಳ್ಳಲು ಪರದಾಡಬೇಕಾಗುತ್ತದೆ. ಬೆಂಗಳೂರಿನಿಂದ ಗೋಥೆನ್‌ಬರ್ಗ್‌ಗೆ ಬಂದ ನಾನು, ನನ್ನ ಹೆಂಡತಿ, ಆಗ ಎರಡು ವರ್ಷದವಳಾಗಿದ್ದ ಮಗಳು ಈ ಸರದಿಯನ್ನು ದಾಟಿದ ಬಗೆಯನ್ನು, ಮುಂದೆ ಬರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮನ್ನು ಕರೆದೊಯ್ಯಲು ವಿಮಾನ ನಿಲ್ದಾಣಕ್ಕೆ ಬಂದವರು ಹಾಸನದ ಕಡೆಯ ಹಿರಿಯ ಸಹೋದ್ಯೋಗಿ. ಕಾರು ಹೊರಟ ಮೇಲೆ ಅವರು ಪ್ರಯಾಣ ಹೇಗಾಯಿತು ಎಂದೂ ಕೇಳಲಿಲ್ಲ. "ಬಾಗಿಲಿಗೆ ನಿಮ್ಮ ಹೆಸರು ಹಾಕಿದ್ದಾರೇನು?" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಇಲ್ಲಿನ ಎಷ್ಟೋ ವಸತಿ ಕಟ್ಟಡಗಳಲ್ಲಿ ಪ್ರತಿ ಮನೆಯ ಬಾಗಿಲಲ್ಲಿ ಅಂಚೆ ತೂರಿಸುವ ಒಂದು ಸೀಳು ಇರುತ್ತದೆ. ಕೆಲವು ಕಡೆ ನೆಲಮಹಡಿಯಲ್ಲಿ ಪೆಟ್ಟಿಗೆಗಳ ಸಾಲು. ವಿಳಾಸದಲ್ಲಿ ಮನೆಯ ನಂಬರು ಬರೆಯುವ ರೂಢಿ ಕಡಿಮೆ. ಅಂಚೆಯವರು ನೋಡುವುದು ಹೆಸರನ್ನು. ಸೀಳಿನ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸು. ತೆರಿಗೆ ಇಲಾಖೆಯ ಪತ್ರ, ಬ್ಯಾಂಕಿನ ಕಾರ್ಡು, ಅದರ ಗುಪ್ತ ಸಂಖ್ಯೆ, ಆಸ್ಪತ್ರೆಯ ಕರೆಯೋಲೆ ಮೊದಮೊದಲು ಎಲ್ಲವೂ ಬರುವುದು ಆ ಸೀಳಿನಲ್ಲೇ. ನೀವು ಇನ್ನೊಬ್ಬರ ಮನೆಯಲ್ಲಿ ಒಳಬಾಡಿಗೆಗೆ ಇದ್ದರೆ, ಬಂದವರೆಲ್ಲ ಮೊದಲು ಇರುವುದು ಹಾಗೆಯೇ, ಬಾಗಿಲ ಮೇಲೆ ಮೂಲ ಬಾಡಿಗೆದಾರರ ಹೆಸರಿರುತ್ತದೆ. ಆಗ ಎಲ್ಲ ಅರ್ಜಿಗಳಲ್ಲೂ ಅವರ ಹೆಸರಿಗೆ ಮೊದಲು 'ಸಿ/ಒ' ಸೇರಿಸಿ ಬರೆಯಬೇಕು, ಬಾಗಿಲಿಗೂ ನಿಮ್ಮ ಹೆಸರು ಅಂಟಿಸಬೇಕು.

ಸಹೋದ್ಯೋಗಿ ಕಾರಿನಿಂದ ಬಿಳಿ ಟೇಪು, ಮಾರ್ಕರ್ ಪೆನ್ನು ತೆಗೆದುಕೊಟ್ಟರು. ಬರೆಯಲು ಕೂತಾಗ ನಮ್ಮ ಕಡೆಯ ಹೆಸರುಗಳ ಸಂಗತಿ ಎದುರಾಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದು ಇರುವುದು ನನ್ನ ಅಪ್ಪನ ಹೆಸರು. ಹೆಂಡತಿಯದರಲ್ಲಿ ಅವಳ ಅಪ್ಪನ ಹೆಸರು. ಮಗಳದರಲ್ಲಿ ನನ್ನ ಹೆಸರು. ಮೂವರಿರುವ ಒಂದು ಕುಟುಂಬಕ್ಕೆ ಮೂರು ಮನೆತನ! ಟೇಪು ಸೀಳಿನ ಆಚೆಗೂ ಚಾಚಿತು. ಮೆಟ್ಟಿಲಲ್ಲಿ ಸಿಕ್ಕ ಪಕ್ಕದ ಮನೆಯ ಹೆಂಗಸು ಎಷ್ಟು ಸಂಸಾರ ಬಂದಿದೆ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ತಮಾಷೆ ಹಾಗಿರಲಿ, ಕನ್ನಡಿಗರು ಊರು ಬಿಡುವ ಮೊದಲು ಮಾಡಬೇಕಾದ ಕೆಲಸ ಇದು: ಮದುವೆಯ ನೋಂದಣಿ ಪತ್ರ, ಮಗುವಿನ ಜನನ ಪತ್ರ, ಪಾಸ್‌ಪೋರ್ಟು, ಮೂರರಲ್ಲೂ ಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದೇ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಕೌಂಟರಿನ ಆಚೆ ಕೂತವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು ಕಾಣುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅದನ್ನು ಅಲ್ಲಿಯೇ ತುಂಬಿಸಿಕೊಂಡು ಬನ್ನಿ. ಮೂಲ ಪ್ರತಿಗಳನ್ನು ತನ್ನಿ. ಅವನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಸರದಿಯ ಮೊದಲ ಮೆಟ್ಟಿಲು ಸ್ಕಾತ್ತೆವರ್ಕೆಟ್, ಅಂದರೆ ತೆರಿಗೆ ಇಲಾಖೆ. ಹುಟ್ಟು, ಸಾವು, ಮದುವೆ, ವಿಳಾಸ, ಎಲ್ಲದರ ದಾಖಲೆ ಈ ದೇಶದಲ್ಲಿ ಇವರದೇ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನೆಲೆಸಲು ಬಂದವರನ್ನು ಜನಸಂಖ್ಯಾ ದಾಖಲೆಗೆ ಸೇರಿಸಿ ಪರ್ಸೂನ್‌ನುಮ್ಮರ್ ಕೊಡುತ್ತಾರೆ. ನಮ್ಮವರ ಬಾಯಲ್ಲಿ ಪರ್ಸನಲ್ ನಂಬರ್. ಮೂವರೂ ಖುದ್ದಾಗಿ ಹೋದೆವು. ಪಾಸ್‌ಪೋರ್ಟು, ನಿವಾಸ ಪರವಾನಗಿಯ ಕಾರ್ಡು, ನೌಕರಿಯ ಪತ್ರ, ಮದುವೆ ಮತ್ತು ಜನನ ಪತ್ರಗಳನ್ನು ಒಂದೊಂದಾಗಿ ನೋಡಿ ನಕಲು ತೆಗೆದುಕೊಂಡರು. ಪತ್ರ ಬರುತ್ತದೆ, ಕಾಯಿರಿ ಎಂದರು. ವಾರಗಳೇ ಕಾದೆವು. ಬೇಗ ಆಗುವುದೇ ಎಂದು ಫೋನಿನಲ್ಲಿ ವಿಚಾರಿಸುವುದರಿಂದ ಏನೂ ಆಗುವುದಿಲ್ಲ. ಅದೇ ಉತ್ತರ, ಅದೇ ಸಮಾಧಾನದ ದನಿ.

1947ರಿಂದ ಬಳಕೆಯಲ್ಲಿರುವ ಈ ಸಂಖ್ಯೆಯಲ್ಲಿ ನಿಮ್ಮ ಹುಟ್ಟಿದ ದಿನಾಂಕ, ಆಮೇಲೆ ನಾಲ್ಕು ಅಂಕಿ ಇರುತ್ತವೆ. ಆ ನಾಲ್ಕರಲ್ಲಿ ಮೂರನೆಯದು ಗಂಡಸರಿಗೆ ಬೆಸ, ಹೆಂಗಸರಿಗೆ ಸಮ; ಕೊನೆಯದು ಉಳಿದ ಅಂಕಿಗಳು ಸರಿಯಿವೆಯೇ ಎಂದು ತಾಳೆ ನೋಡುವುದಕ್ಕೆ. ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಅಭ್ಯಾಸವಾಗಿದ್ದ ನನಗೆ ಔಷಧಿ ಅಂಗಡಿಯಲ್ಲಿ ಜನ ತಮ್ಮ ಸಂಖ್ಯೆಯನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳುವುದನ್ನು ಕೇಳಿ ದಿಗಿಲಾಗಿತ್ತು. ಸಂಖ್ಯೆ ಗೊತ್ತಿದ್ದರಷ್ಟೇ ಇಲ್ಲಿ ಯಾವ ಬೀಗವೂ ತೆರೆಯುವುದಿಲ್ಲ. ಬೀಗ ತೆರೆಯುವುದಕ್ಕೆ ಬೇರೆ ಕೀಲಿಯಿದೆ, ಅದಕ್ಕೆ ಮುಂದೆ ಬರುತ್ತೇನೆ.

ಎರಡನೆಯ ಮೆಟ್ಟಿಲು ಗುರುತಿನ ಚೀಟಿ. ಇದನ್ನೂ ತೆರಿಗೆ ಇಲಾಖೆಯೇ ಕೊಡುತ್ತದೆ, ನಾವು ಕಟ್ಟಿದ ಶುಲ್ಕ ತಲಾ 400 ಕ್ರೋನ. ಫೋಟೋ ಅಲ್ಲಿಯೇ ತೆಗೆಯುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಬೂಟು ಕಳಚಿಸಿ ಗೋಡೆಯ ಪಕ್ಕ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಶಾಲೆ ಬಿಟ್ಟ ಮೇಲೆ ನನ್ನ ಎತ್ತರವನ್ನು ಯಾರೂ ಅಳೆದಿರಲಿಲ್ಲ. ಹೆಂಡತಿ ಬೆನ್ನು ನೆಟ್ಟಗೆ ಮಾಡಿಕೊಂಡು ಹಿಮ್ಮಡಿಯನ್ನು ಸ್ವಲ್ಪ ಎತ್ತಿದ್ದನ್ನು ಕಂಡೂ ಕಾಣದಂತೆ ಆ ನೌಕರ ಒಂದು ಕ್ಷಣ ಕಾದು, ಅವಳು ಇಳಿದ ಮೇಲೆ ಅಂಕಿ ಬರೆದುಕೊಂಡ.

ಮೂರನೆಯದು ಬ್ಯಾಂಕ್. ಗಂಟು ಬೀಳುವುದು ಇಲ್ಲಿ. ನಾವು ಮೊದಲು ಹೋದ ಬ್ಯಾಂಕಿನವರು ಗುರುತಿನ ಚೀಟಿ ತನ್ನಿ ಎಂದರು. ತಂದ ಮೇಲೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಬನ್ನಿ ಎಂದರು. ಸಮಯ ಗೊತ್ತುಮಾಡಿಕೊಳ್ಳುವ ಆ್ಯಪ್‌ಗೆ ಹೋದರೆ ಅದು ಬ್ಯಾಂಕ್‌ಐಡಿ, ಅಂದರೆ ಡಿಜಿಟಲ್ ಗುರುತು, ಕೇಳಿತು. ಬ್ಯಾಂಕ್‌ಐಡಿ ಕೊಡುವವರೇ ಬ್ಯಾಂಕಿನವರು! ಇನ್ನೊಂದು ಬ್ಯಾಂಕಿನ ಶಾಖೆಗೆ ನೌಕರಿಯ ಪತ್ರ ಹಿಡಿದು ಹೋದಾಗ ಒಂದೇ ಸಲಕ್ಕೆ ಕೆಲಸವಾಯಿತು. ಹಾಗಾಗಿ ಒಂದು ಕಡೆ ಆಗಲಿಲ್ಲವೆಂದು ಕೈಚೆಲ್ಲಬೇಡಿ, ಇನ್ನೊಂದು ಬಾಗಿಲು ತಟ್ಟಿ. ಕಾನೂನುಬದ್ಧವಾಗಿ ಇಲ್ಲಿ ನೆಲೆಸಿರುವವರಿಗೆ ಪಾವತಿಗಾಗಿ ಒಂದು ಮೂಲ ಖಾತೆ ಪಡೆಯುವ ಹಕ್ಕಿದೆ, ಅದನ್ನು ವಿನಯದಿಂದ ನೆನಪಿಸಿದರೆ ತಪ್ಪಿಲ್ಲ. ಅಲ್ಲಿಯವರೆಗಿನ ಖರ್ಚಿಗೆ ಭಾರತದ ಕಾರ್ಡೊಂದು ಚಾಲ್ತಿಯಲ್ಲಿರಲಿ. ನೋಟು ತರುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಎಷ್ಟೋ ಅಂಗಡಿ, ಹೋಟೆಲುಗಳು ನಗದು ಮುಟ್ಟುವುದೇ ಇಲ್ಲ.

ಖಾತೆಯ ಹಿಂದೆಯೇ ಬರುವ ಬ್ಯಾಂಕ್‌ಐಡಿಯೇ ನಾನು ಆಗ ಹೇಳಿದ ಕೀಲಿ. 2003ರಲ್ಲಿ ಶುರುವಾದದ್ದು, ಈಗ ಮೊಬೈಲಿನಲ್ಲಿ ಕೂತಿದೆ. ವೈದ್ಯರ ಭೇಟಿಯ ಸಮಯ, ಮನೆಯ ಕರಾರಿಗೆ ಸಹಿ, ವಿದ್ಯುತ್ತಿನ ಒಪ್ಪಂದ, ಶಿಶುವಿಹಾರದ ಅರ್ಜಿ, ಎಲ್ಲಕ್ಕೂ ಅದೇ. ಆದಾಯ ತೆರಿಗೆಯ ವಿವರಪತ್ರವನ್ನು ಇಲಾಖೆಯೇ ತುಂಬಿ ಕಳುಹಿಸುತ್ತದೆ. ಸಂಬಳ ಬಿಟ್ಟು ಬೇರೆ ಆದಾಯವಿಲ್ಲದವರು ನೋಡಿ, ಬ್ಯಾಂಕ್‌ಐಡಿಯಿಂದ ಒಪ್ಪಿಗೆ ಕೊಟ್ಟರೆ ಆಯಿತು. ನಮ್ಮ ಊರಿನಲ್ಲಿ ಜುಲೈ ತಿಂಗಳಿಡೀ ಲೆಕ್ಕಿಗರ ಹಿಂದೆ ಅಲೆದವನಿಗೆ ಇದೊಂದು ಸುಖ. ಸ್ವಿಷ್ ಎಂಬ ಹಣ ಪಾವತಿಯ ಆ್ಯಪ್ 2012ರಲ್ಲಿ ಬಂತು. ನಮ್ಮ ಯುಪಿಐ ಬಳಸಿದವರಿಗೆ ಹೊಸದಲ್ಲ. ಹಳೆಯ ಸಾಮಾನಿನ ಬೀದಿ ಸಂತೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ರಟ್ಟಿನ ಚೂರಿನ ಮೇಲೆ ತಮ್ಮ ಮೊಬೈಲ್ ಸಂಖ್ಯೆ ಬರೆದು ನಿಲ್ಲಿಸಿಕೊಂಡು ಮಗಳಿಗೆ ಒಂದು ಕಂಬಳಿ ಟೋಪಿ ಮಾರಿದರು. ದುಡ್ಡು ಬಂತೆಂದು ಅವರ ಫೋನು ಕೂಗುವ ತನಕ ಟೋಪಿಯ ತುದಿಯನ್ನು ಬಿಡಲಿಲ್ಲ.

ಮನೆಯ ವಿಷಯದಲ್ಲಿ ಒಂದೇ ಮಾತು: ಬಂದ ಕೂಡಲೇ ಸಾಲಿಗೆ ಸೇರಿ. ಗೋಥೆನ್‌ಬರ್ಗ್‌ನಲ್ಲಿ ಬೂಪ್ಲಾಟ್ಸ್ ಎಂಬ ಬಾಡಿಗೆ ಮನೆ ಹಂಚುವ ಸಂಸ್ಥೆ, ಸ್ಟಾಕ್‌ಹೋಮ್‌ನಲ್ಲಿ ನಗರಸಭೆಯ ವಸತಿ ಸಂಸ್ಥೆ. ನೇರ ಬಾಡಿಗೆಯ ಮನೆಗಳು ಸಾಲಿನಲ್ಲಿ ಎಷ್ಟು ಕಾಲದಿಂದ ಇದ್ದೀರಿ ಎಂಬುದರ ಮೇಲೆ ಹಂಚಿಕೆಯಾಗುತ್ತವೆ, ಒಳ್ಳೆಯ ಬಡಾವಣೆಗೆ ವರ್ಷಗಟ್ಟಲೆ ಬೇಕು. ಎರಡೇ ವರ್ಷ ಇರುತ್ತೇವೆ ಎಂದು ಬಂದವರೆಲ್ಲ ಹೆಸರು ಕೊಡದೆ ಬಿಡುತ್ತಾರೆ. ಅವರಲ್ಲಿ ಬಹುಪಾಲು ಜನ ಐದನೆಯ ವರ್ಷವೂ ಇಲ್ಲೇ ಸಿಗುತ್ತಾರೆ. ಒಳಬಾಡಿಗೆಗೆ ಹೋಗುವಾಗ ಮನೆಯ ಮಾಲೀಕರ ಅಥವಾ ವಸತಿ ಸಂಘದ ಒಪ್ಪಿಗೆ ಕಾಗದದಲ್ಲಿ ಇದೆಯೇ ನೋಡಿ. ಮನೆಯನ್ನು ಕಣ್ಣಿಂದ ಕಾಣದೆ, ಕೀಲಿ ಕೈಗೆ ಬಾರದೆ ಮುಂಗಡ ಕಳುಹಿಸಬೇಡಿ. ಹೊಸಬರನ್ನೇ ಹುಡುಕಿ ಮೋಸ ಮಾಡುವವರು ಇಲ್ಲೂ ಇದ್ದಾರೆ.

ಮನೆ ಸಿಕ್ಕ ಮೇಲೆ ಸ್ವೀಡನ್ನಿನ ನಿಜವಾದ ಸಂವಿಧಾನ ಇರುವುದು ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ನಮ್ಮ ಹಿಸಿಂಗೆನ್ ಬಡಾವಣೆಯ ಕಟ್ಟಡದಲ್ಲಿ ಆ ಕೋಣೆಯ ಹೊರಗೆ ಗೋಡೆಗೆ ಒಂದು ಹಲಗೆಯಿತ್ತು. ಅದರಲ್ಲಿ ತಿಂಗಳ ಎಲ್ಲ ತಾರೀಖುಗಳು, ಪ್ರತಿ ತಾರೀಖಿಗೆ ಹೊತ್ತಿನ ಪ್ರಕಾರ ತೂತುಗಳು. ಮನೆಗೊಂದು ಹೆಬ್ಬೆರಳು ಗಾತ್ರದ ಬೀಗ, ಅದರ ಮೇಲೆ ಮನೆಯ ಸಂಖ್ಯೆ. ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿ ತಿರುಗಿಸಿದರೆ ಆ ಹೊತ್ತು ನಿಮ್ಮದು. ಅರ್ಧ ಗಂಟೆಯೊಳಗೆ ಯಂತ್ರ ಶುರುವಾಗದಿದ್ದರೆ ಇನ್ನೊಬ್ಬರು ಬಳಸಬಹುದು. ಮುಗಿದ ಮೇಲೆ ಸಾಬೂನಿನ ಪುಡಿ ಹಾಕುವ ಖಾನೆ ಒರೆಸಬೇಕು, ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂತ ನೂಲಿನ ಹೊಟ್ಟು ತೆಗೆಯಬೇಕು, ನೆಲ ಗುಡಿಸಬೇಕು. ಯಾರಾದರೂ ಇದನ್ನು ಬಿಟ್ಟರೆ ಎದುರಿಗೆ ಯಾರೂ ಒಂದು ಮಾತು ಆಡುವುದಿಲ್ಲ. ಮರುದಿನ ಯಂತ್ರದ ಮೇಲೆ ಒಂದು ಚೀಟಿ ಕಾಣುತ್ತದೆ. ಸ್ವೀಡಿಷ್ ತರಗತಿಗೆ ಹೊಸದಾಗಿ ಸೇರಿದ್ದ ನನ್ನ ಹೆಂಡತಿ ಮೊದಲು ಪೂರ್ತಿಯಾಗಿ ಓದಿ ಅರ್ಥ ಮಾಡಿಕೊಂಡ ಸ್ವೀಡಿಷ್ ವಾಕ್ಯ ಅಂಥ ಒಂದು ಚೀಟಿಯದೇ: "ನಿಮ್ಮ ಅಮ್ಮ ಇಲ್ಲಿ ಕೆಲಸಕ್ಕಿಲ್ಲ, ಜಾಲರಿಯನ್ನು ನೀವೇ ತೆಗೆಯಿರಿ!" ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ "ಸರಿಯಾಗಿ ಹೇಳಿದಿರಿ" ಎಂದಿತ್ತು. ಜೋರು ಜಗಳದಲ್ಲಿ ಬೆಳೆದ ನಮಗೆ ಈ ಮೌನದ ಜಗಳ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಆ ಸ್ವೀಡಿಷ್ ತರಗತಿಯ ಬಗ್ಗೆ ಹೇಳಲೇಬೇಕು. ವಲಸೆ ಬಂದವರಿಗಾಗಿ ಪುರಸಭೆಗಳು ನಡೆಸುವ ಎಸ್‌ಎಫ್‌ಐ ತರಗತಿಗಳಿಗೆ ಶುಲ್ಕವಿಲ್ಲ, ಎ ಯಿಂದ ಡಿ ವರೆಗೆ ನಾಲ್ಕು ಹಂತ. ಕಚೇರಿಯಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಾರೆ, ಹಾಗಾಗಿ ನನ್ನಂಥ ತಂತ್ರಜ್ಞರು ವರ್ಷಗಟ್ಟಲೆ 'ತಕ್' (ಧನ್ಯವಾದ) ಎಂಬ ಒಂದೇ ಪದದಲ್ಲಿ ಕಾಲ ಹಾಕುತ್ತಾರೆ. ಊಟದ ಮೇಜಿನಲ್ಲಿ ನಗೆ ಎದ್ದಾಗ ಮಾತ್ರ ತಾವು ಹೊರಗಿನವರೆಂಬುದು ತಿಳಿಯುತ್ತದೆ. ನನ್ನ ಹೆಂಡತಿ ಸಿರಿಯಾ, ಎರಿಟ್ರಿಯಾಗಳಿಂದ ಬಂದವರ ಜೊತೆ ಕೂತು ಕಲಿತಳು. ಇವತ್ತು ಫೋನು ಬಂದರೆ ನಾನು ಅದನ್ನು ಅವಳ ಕೈಗೆ ದಾಟಿಸುತ್ತೇನೆ. ಗಂಡ ಕೆಲಸಕ್ಕೆ, ಹೆಂಡತಿ ಮನೆಯಲ್ಲಿ ಎಂಬ ಲೆಕ್ಕದಲ್ಲಿ ಬರುವ ದಂಪತಿಗಳಿಗೆ ನನ್ನ ಒತ್ತಾಯ ಇದೊಂದೇ: ಮನೆಯಲ್ಲಿರುವವರು ಮೊದಲ ತಿಂಗಳಲ್ಲೇ ಹೆಸರು ಕೊಡಲಿ. ಇಲ್ಲದಿದ್ದರೆ ಮೊದಲ ಚಳಿಗಾಲ ಅವರಿಗೆ ಬಹಳ ಉದ್ದವಾಗುತ್ತದೆ. ಡಿಸೆಂಬರಿನಲ್ಲಿ ಗೋಥೆನ್‌ಬರ್ಗ್‌ನಲ್ಲಿ ಒಂಬತ್ತರ ಹತ್ತಿರ ಬೆಳಗಾಗಿ ಮೂರೂವರೆಗೆ ಸೂರ್ಯ ಮುಳುಗಿರುತ್ತಾನೆ, ನಡುವೆ ಹೆಚ್ಚಾಗಿ ಮಳೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಒಳ್ಳೆಯ ಮಳೆಯಂಗಿ ಕೊಳ್ಳಿ. ಮಂಜುಗಟ್ಟಿದ ದಿನಗಳಿಗೆ ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿ, ಕತ್ತಲಲ್ಲಿ ಕಾರಿನವರಿಗೆ ಕಾಣಲು ಕೋಟಿಗೆ ತೂಗುಹಾಕುವ ಹೊಳೆಯುವ ಬಿಲ್ಲೆ, ಇವೆರಡೂ ಅಗ್ಗ, ಎರಡೂ ಬೇಕೇ ಬೇಕು.

ಮಗಳಿಗೆ ಪುರಸಭೆಯ ಶಿಶುವಿಹಾರದಲ್ಲಿ ಜಾಗ ಸಿಕ್ಕಿತು. ಒಂದು ವರ್ಷ ತುಂಬಿದ ಮಗುವಿಗೆ ಅರ್ಜಿ ಕೊಟ್ಟ ನಾಲ್ಕು ತಿಂಗಳೊಳಗೆ ಜಾಗ ಕೊಡುವುದು ಪುರಸಭೆಯ ಹೊಣೆ, ಶುಲ್ಕ ಆದಾಯಕ್ಕೆ ತಕ್ಕಂತೆ, ಅದಕ್ಕೂ ಒಂದು ಮಿತಿಯಿದೆ. ಮೊದಲ ದಿನಗಳಲ್ಲಿ ತಂದೆ ಅಥವಾ ತಾಯಿ ಮಗುವಿನ ಜೊತೆ ಅಲ್ಲೇ ಇರಬೇಕು. ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂತು ನಾನೂ ಬೆಣ್ಣೆ ಸವರಿದ ಗರಿಗರಿ ರೊಟ್ಟಿ ತಿಂದೆ. ಅವರು ಕೊಟ್ಟ ಪಟ್ಟಿಯಲ್ಲಿ ಪುಸ್ತಕ, ಪೆನ್ಸಿಲು ಒಂದೂ ಇರಲಿಲ್ಲ. ರಬ್ಬರಿನ ಮಳೆ ಉಡುಪು, ಉಣ್ಣೆಯ ಒಳಅಂಗಿ, ಎರಡು ಜೊತೆ ಕೈಗವಸು, ಎಲ್ಲದರ ಮೇಲೂ ಹೆಸರು. ಚಿಕ್ಕ ಮಕ್ಕಳನ್ನು ಮಧ್ಯಾಹ್ನ ಹೊರಗೆ ಮಾಡಿನ ಕೆಳಗೆ ತಳ್ಳುಗಾಡಿಯಲ್ಲೇ ಮಲಗಿಸುತ್ತಾರೆ. ವಿಡಿಯೊ ಕರೆಯಲ್ಲಿ ಅದನ್ನು ಕಂಡ ನನ್ನ ಅಮ್ಮ "ಕೂಸನ್ನು ಮಳೆಗಾಳಿಯಲ್ಲಿ ಬಿಟ್ಟು ನೀನು ಫೋನು ಹಿಡಿದು ನಿಂತಿದ್ದೀಯಲ್ಲೋ!" ಎಂದು ಬೈದರು. ಕೂಸು ಮನೆಯಲ್ಲಿ ಎಂದೂ ಮಲಗದಷ್ಟು ಹೊತ್ತು ಮಲಗಿತ್ತು.

ಶಿಶುವಿಹಾರದ ಮೊದಲ ಚಳಿಗಾಲದಲ್ಲಿ ನೆಗಡಿ, ಜ್ವರ ತಪ್ಪಿದ್ದಲ್ಲ. ಆಗ ತಂದೆಯೋ ತಾಯಿಯೋ ಕೆಲಸಕ್ಕೆ ಹೋಗದೆ ಮನೆಯಲ್ಲಿ ಉಳಿಯಬಹುದು, ಸಾಮಾಜಿಕ ವಿಮಾ ಕಚೇರಿ ಸಂಬಳದ ಸುಮಾರು ಶೇ. 80ರಷ್ಟನ್ನು ಒಂದು ಮಿತಿಯೊಳಗೆ ಕೊಡುತ್ತದೆ. ಇದರ ಹೆಸರು 'ವಾಬ್'. ನನ್ನ ಮೇಲಧಿಕಾರಿ ಸಭೆಯ ನಡುವೆ ಫೋನು ನೋಡಿ "ನನಗೆ ವಾಬ್" ಎಂದು ಎದ್ದು ಹೋದಾಗ ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಕಡೆಯ ಗಂಡಸರು ಇದನ್ನು ಕೇಳಲು ಹಿಂಜರಿಯುತ್ತಾರೆ; ಇಲ್ಲಿ ಕೇಳದಿದ್ದರೇ ವಿಚಿತ್ರವಾಗಿ ನೋಡುತ್ತಾರೆ. ಅದೇ ಕಚೇರಿಯಲ್ಲಿ ನೋಂದಾಯಿಸಿಕೊಂಡರೆ ತಿಂಗಳಿಗೆ 1,250 ಕ್ರೋನ ಮಕ್ಕಳ ಭತ್ಯೆಯೂ ಇದೆ. ಹೊರದೇಶದಿಂದ ಬಂದವರು ಮರೆಯದೆ ಅರ್ಜಿ ಹಾಕಬೇಕು.

ವೈದ್ಯರ ವಿಷಯದಲ್ಲಿ ನನಗೆ ಇನ್ನೂ ಅಸಮಾಧಾನವಿದೆ. ಊರಿನಲ್ಲಿ ಜ್ವರ ಬಂದ ಸಂಜೆಯೇ ಕ್ಲಿನಿಕ್‌ಗೆ ಹೋಗಿ ಕೂತು ಅಭ್ಯಾಸ. ಇಲ್ಲಿ ಮೊದಲು 1177ಕ್ಕೆ ಫೋನು ಮಾಡಬೇಕು, ದಾದಿಯೊಬ್ಬರು ತಾಳ್ಮೆಯಿಂದ ಕೇಳಿ ಪ್ಯಾರಸಿಟಮಾಲ್, ನೀರು, ವಿಶ್ರಾಂತಿ ಎನ್ನುತ್ತಾರೆ. ನನ್ನ ಬೆನ್ನುನೋವಿಗೆ ಆರೋಗ್ಯ ಕೇಂದ್ರವೊಂದರಲ್ಲಿ ದಿನ ಸಿಗುವಷ್ಟರಲ್ಲಿ ನೋವೇ ಹೋಗಿತ್ತು. ಆದರೆ ಒಂದು ರಾತ್ರಿ ಮಗಳಿಗೆ ಉಸಿರು ಎಳೆಯುವುದು ಕಷ್ಟವಾದಾಗ ಅದೇ ದನಿ ಎರಡೇ ಪ್ರಶ್ನೆ ಕೇಳಿ ತಕ್ಷಣ ಮಕ್ಕಳ ಆಸ್ಪತ್ರೆಗೆ ಹೋಗಲು ಹೇಳಿತು. ಅಲ್ಲಿ ಯಾರೂ ನಮ್ಮನ್ನು ಕಾಯಿಸಲಿಲ್ಲ, ದುಡ್ಡೂ ಕೇಳಲಿಲ್ಲ. ಪ್ರಾಣಾಪಾಯವೆನಿಸಿದರೆ ನೇರವಾಗಿ 112.

ಭಾರತದ ಚಾಲನಾ ಪರವಾನಗಿ ನಡೆಯುವುದು ಇಲ್ಲಿ ನೋಂದಣಿಯಾದ ದಿನದಿಂದ ಒಂದು ವರ್ಷ ಮಾತ್ರ. ಅದನ್ನು ಕೊಟ್ಟು ಇಲ್ಲಿಯದನ್ನು ಪಡೆಯುವ ಅವಕಾಶವಿಲ್ಲ, ಮೊದಲಿನಿಂದ ಕಲಿಯಬೇಕು. ಬರವಣಿಗೆಯ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಕೊಡಬಹುದು: 70 ಪ್ರಶ್ನೆ, ಅದರಲ್ಲಿ 65ಕ್ಕೆ ಮಾತ್ರ ಅಂಕ, 52 ಸರಿಯಿರಬೇಕು. ಅದಕ್ಕೂ ಮುನ್ನ ಎರಡು ಅಪಾಯ ತರಬೇತಿಗಳಿವೆ. ಎರಡನೆಯದರಲ್ಲಿ ಬೇಕೆಂದೇ ಜಾರುವಂತೆ ಮಾಡಿದ ಅಂಗಳದಲ್ಲಿ ಕಾರು ಓಡಿಸಿ ಬ್ರೇಕ್ ಒತ್ತಲು ಹೇಳುತ್ತಾರೆ. ಬೆಂಗಳೂರಿನ ಸಂಚಾರದಲ್ಲಿ ಪಳಗಿದ ನಾನು ಸ್ಟೀರಿಂಗ್ ಹಿಡಿದುಕೊಂಡೇ, ಬಿಸಿ ಕಾವಲಿಗೆ ಬಿದ್ದ ಬೆಣ್ಣೆಯಂತೆ ಅಂಗಳದ ಇನ್ನೊಂದು ತುದಿ ತಲುಪಿದೆ. ವರ್ಷದ ಗಡುವು ಮುಗಿಯುವ ಮೊದಲೇ ಈ ಕೆಲಸ ಶುರುಮಾಡಿ.

ಊಟದ ಚಿಂತೆ ಬೇಡ. ಕರಿಬೇವು, ತೊಗರಿಬೇಳೆ ಏಷ್ಯಾ ಅಂಗಡಿಗಳಲ್ಲಿ ಸಿಗುತ್ತವೆ. ಇಲ್ಲಿನ ಸೂಪರ್ ಮಾರ್ಕೆಟ್ಟಿನ 'ಮನ್ನಗ್ರೀನ್' ನಮ್ಮ ಸಣ್ಣ ರವೆಯೇ, 'ಫೀಲ್‌ಮ್ಯೊಲ್ಕ್' ಎಂಬ ಹುಳಿ ಹಾಲಿನಿಂದ ಮಜ್ಜಿಗೆಹುಳಿ ಚೆನ್ನಾಗಿ ಆಗುತ್ತದೆ. ಇಡ್ಲಿ ಹಿಟ್ಟು ಹುಳಿಬರಲು ಒಲೆ ಹಚ್ಚದೆ ಓವನ್ನಿನ ದೀಪವನ್ನು ಮಾತ್ರ ಹಾಕಿ ರಾತ್ರಿಯಿಡೀ ಒಳಗಿಡಿ.

ಈಗ ಮಗಳು ಶಾಲೆಗೆ ಹೋಗುತ್ತಾಳೆ, ನಾವು ಗೋಥೆನ್‌ಬರ್ಗ್‌ಗೆ ತಾಗಿಕೊಂಡಿರುವ ಸಣ್ಣ ಪುರಸಭೆಯೊಂದಕ್ಕೆ ಬಂದಿದ್ದೇವೆ. ಇಲ್ಲಿನ ಶಾಲಾ ಕಾನೂನಿನಲ್ಲಿ ಬಹಳ ಜನ ಕನ್ನಡಿಗರಿಗೆ ಗೊತ್ತಿರದ ಒಂದು ಅವಕಾಶವಿದೆ. ಮನೆಯಲ್ಲಿ ಸ್ವೀಡಿಷ್ ಅಲ್ಲದ ಭಾಷೆಯನ್ನು ದಿನವೂ ಆಡುವ ಮಗುವಿಗೆ ಆ ಭಾಷೆಯಲ್ಲಿ ತಕ್ಕಮಟ್ಟಿನ ಹಿಡಿತವಿದ್ದರೆ ಶಾಲೆಯ ಮೂಲಕವೇ ಮಾತೃಭಾಷೆಯ ಪಾಠ ಕೇಳಬಹುದು, ಶುಲ್ಕವಿಲ್ಲ. ಪುರಸಭೆಯಲ್ಲಿ ಆ ಭಾಷೆಯನ್ನು ಬಯಸುವ ಮಕ್ಕಳು ಕನಿಷ್ಠ ಐವರಿರಬೇಕು, ಕಲಿಸಲು ಯೋಗ್ಯ ಶಿಕ್ಷಕರು ಸಿಗಬೇಕು. ತಂದೆತಾಯಿ ಅರ್ಜಿ ಹಾಕದೆ ಯಾರೂ ತಾವಾಗಿ ಕೇಳುವುದಿಲ್ಲ. ನನ್ನ ಹೆಂಡತಿ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಎಲೆಯಿಂದ ಎಲೆಗೆ ಹೋಗಿ ಯಾರ ಮನೆ ಯಾವ ಪುರಸಭೆಯಲ್ಲಿದೆ ಎಂದು ವಿಚಾರಿಸಿದಳು. ಹೋಳಿಗೆ ಬಡಿಸುವ ಹೊತ್ತಿಗೆ ನಾಲ್ಕು ಮಕ್ಕಳಾದರು. ಐದನೆಯವನ ತಾಯಿ "ಅವನು ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾನೆ, ನಡೆಯುತ್ತದೆಯೇನಮ್ಮ?" ಎಂದು ಅನುಮಾನಿಸಿದರು. ನಡೆಯುವಂತೆ ಮಾಡೋಣ ಎಂದು ಅವರ ಫೋನಿನಲ್ಲೇ ಅರ್ಜಿ ತೆರೆದುಕೊಟ್ಟಳು. ಐದೂ ಅರ್ಜಿಗಳು ಹೋಗಿವೆ. ಶಿಕ್ಷಕರನ್ನು ಪುರಸಭೆ ಇನ್ನೂ ಹುಡುಕುತ್ತಿದೆ. ಬಿ.ಎಡ್. ಮಾಡಿದ ಕನ್ನಡದವರು ಯಾರಾದರೂ ಈ ಕಡೆ ಬರುತ್ತಿದ್ದರೆ, ನೌಕರಿ ಇಲ್ಲವೆಂದು ಮನೆಯಲ್ಲಿ ಕೂರದೆ ಅಲ್ಲಿ ಒಮ್ಮೆ ವಿಚಾರಿಸಿ.